ಪೆಟ್ರೋಲ್ ಹಿಮಬೈರಿಗೆ ಶೀತದಲ್ಲಿ ಹೊರಡದಿರುವುದೇಕೆ?

ಅಮೆರಿಕದ ಮಿನ್ನೆಸೋಟ, ವಿಸ್ಕಾನ್ಸಿನ್ ಸಂಸ್ಥಾನಗಳಲ್ಲಿಯೂ ಕೆನಡಾದ ಒಂಟೇರಿಯೊ, ಮ್ಯಾನಿಟೋಬ ಪ್ರಾಂತಗಳಲ್ಲಿಯೂ ಚಳಿಗಾಲ ಬಂದಿತೆಂದರೆ ಸರೋವರಗಳು ಹೆಪ್ಪುಗಟ್ಟಿ ಬಯಲುಗಳಾಗುತ್ತವೆ. ಅಲ್ಲಿಯ ಜನರು ಆ ಗಡ್ಡೆಯ ಮೇಲೆ ನಡೆದು ಹೋಗಿ, ರಂಧ್ರ ಕೊರೆದು, ಗಾಳ ಇಳಿಬಿಟ್ಟು ಮೀನು ಹಿಡಿಯುವರು. ಮನುಷ್ಯನು ನಡೆಯಬೇಕಾದರೆ ತಿಳಿಯಾದ ಗಡ್ಡೆ ಕಡೆಯಪಕ್ಷ 10 ಸೆಂಟಿಮೀಟರು ದಪ್ಪವಿರಬೇಕೆಂದು ಮಿನ್ನೆಸೋಟದ ಸರ್ಕಾರಿ ಇಲಾಖೆ ಹೇಳುತ್ತದೆ. ಜನವರಿಯ ಕೊನೆಗೆ ಉತ್ತರದ ಸರೋವರಗಳಲ್ಲಿ ಅದು ಅರ್ಧ ಮೀಟರನ್ನು ಮೀರುವುದು ಸಾಮಾನ್ಯ. ಅಷ್ಟು ದಪ್ಪದ ಗಡ್ಡೆಯನ್ನು ಹಲವು ಕಡೆ ಕೈಯಿಂದ ಕೊರೆಯುವುದು ಬಲು ಶ್ರಮದ ಕೆಲಸವಾದುದರಿಂದ ಬಡಗಿಯ ಬೈರಿಗೆಯನ್ನೇ ದೊಡ್ಡದು ಮಾಡಿ, ಅದರ ತಲೆಗೆ ಒಂದು ಸಣ್ಣ ಪೆಟ್ರೋಲ್ ಯಂತ್ರವನ್ನು ಕೂಡಿಸಿದರು. ಇದೇ ಹಿಮಬೈರಿಗೆ. ಚಳಿಗಾಗಿಯೇ ಹುಟ್ಟಿದ ಈ ಯಂತ್ರ ಚಳಿಯಲ್ಲಿಯೇ ಹೊರಡಲೊಲ್ಲದು ಎಂಬುದು ಅದನ್ನು ಬಳಸುವವರ ಹಳೆಯ ದೂರು. ದೂರಿನ ಹಿಂದಿರುವ ಕಾರಣಗಳು ನಮ್ಮ ಕಾಲೇಜುಗಳಲ್ಲಿ ಪಾಠ ಹೇಳುವ ಭೌತಶಾಸ್ತ್ರಕ್ಕೆ ಸೇರಿದವು. ಆದಕಾರಣ ಅವನ್ನು ಇಲ್ಲಿ ವಿವರಿಸಲು ಹೊರಟಿದ್ದೇವೆ.

ಹಿಮಬೈರಿಗೆಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದುದು ಒಂದೇ ಸಿಲಿಂಡರಿನ ದ್ವಿಘಾತ ಯಂತ್ರ. ಪೆಟ್ರೋಲಿನೊಡನೆ ಎಣ್ಣೆಯನ್ನು 40ಕ್ಕೆ 1 ಅಥವಾ 50ಕ್ಕೆ 1ರಂತೆ ಬೆರೆಸಿ ಹಾಕುತ್ತಾರೆ. ಬ್ಯಾಟರಿಯಿಲ್ಲ; ಕಿಡಿಯನ್ನು ಕೊಡುವುದು ಗತಿಚಕ್ರದಲ್ಲಿರುವ ಅಯಸ್ಕಾಂತ. ಹಗ್ಗವನ್ನು ಎಳೆದು ಯಂತ್ರವನ್ನು ಹೊರಡಿಸಬೇಕು. ಮಲೆನಾಡಿನ ತೋಟಗಳಲ್ಲಿ ಕಳೆ ಕತ್ತರಿಸುವ ಸಣ್ಣ ಯಂತ್ರವನ್ನು ನೋಡಿದವರಿಗೆ ಇದರ ರಚನೆಯನ್ನು ಬೇರೆಯಾಗಿ ವರ್ಣಿಸಬೇಕಾಗಿಲ್ಲ.

ದ್ರವರೂಪದ ಪೆಟ್ರೋಲು ಉರಿಯುವುದಿಲ್ಲ. ಉರಿಯುವುದು ಅದರ ಆವಿ. ಗಾಳಿಯಲ್ಲಿ ಈ ಆವಿ ಗಾತ್ರದಲ್ಲಿ ಸುಮಾರು ಶೇಕಡ 1.4ಕ್ಕಿಂತ ಕಡಿಮೆಯಿದ್ದರೂ ಕಿಡಿ ತಾಗದು, 7.6ಕ್ಕಿಂತ ಹೆಚ್ಚಿದ್ದರೂ ತಾಗದು. ಬೆಚ್ಚಗಿರುವ ಯಂತ್ರದಲ್ಲಿ ತೂಕದ ಪ್ರಕಾರ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಸೇರಿದರೆ ದಹನ ಪೂರ್ಣವಾಗುತ್ತದೆ. ಶೀತದಲ್ಲಿ ಈ ಲೆಕ್ಕ ಕೆಡುತ್ತದೆ. ಉಷ್ಣಾಂಶ ಇಳಿದಂತೆ ದ್ರವದ ಬಾಷ್ಪಒತ್ತಡ ಸಮಪ್ರಮಾಣದಲ್ಲಿ ಇಳಿಯದೆ ಘಾತೀಯವಾಗಿ ಕುಸಿಯುತ್ತದೆ. ಪೆಟ್ರೋಲಿನ ಬಾಷ್ಪಒತ್ತಡವನ್ನು ವಾಡಿಕೆಯಂತೆ ಅಳೆಯುವ 38 ಡಿಗ್ರಿ ಸೆಂಟಿಗ್ರೇಡಿನಿಂದ ಶೂನ್ಯಕ್ಕೆ 20 ಡಿಗ್ರಿ ಕೆಳಗೆ ಇಳಿದರೆ, ಅದು ಸುಮಾರು ಹತ್ತರಲ್ಲಿ ಒಂದು ಪಾಲಿನಷ್ಟೇ ಉಳಿಯುತ್ತದೆ. ಕಾರ್ಬ್ಯುರೇಟರು ಸರಿಯಾದ ಪ್ರಮಾಣದಲ್ಲಿಯೇ ಪೆಟ್ರೋಲನ್ನು ಕೊಟ್ಟರೂ ಅದರ ಬಹುಭಾಗ ಹನಿಗಳಾಗಿ ತಣ್ಣನೆಯ ಗೋಡೆಗಳಿಗೆ ಅಂಟಿಕೊಳ್ಳುತ್ತದೆ. ಕಿಡಿಯ ಬಳಿಗೆ ಬರುವುದು ಬರೀ ಗಾಳಿ ಎನ್ನಬಹುದು. ಚೋಕು ಇರುವುದು ಇದಕ್ಕಾಗಿ. ಗಾಳಿಯ ದಾರಿಯನ್ನು ಮುಚ್ಚಿ, ಹಲವು ಪಾಲು ಹೆಚ್ಚು ಪೆಟ್ರೋಲನ್ನು ಸೆಳೆದುಕೊಂಡರೆ ಅದರಲ್ಲಿ ಬೇಗ ಆವಿಯಾಗುವ ಹಗುರ ಅಂಶಗಳಾದರೂ ಸಾಕಷ್ಟು ಮೇಲೇಳುತ್ತವೆ. ಹಳೆಯ ಸ್ಕೂಟರನ್ನು ಮುಂಜಾನೆ ಚೋಕು ಎಳೆದು ಹೊರಡಿಸಿದವರು ಮಾಡಿದ್ದೂ ಇದನ್ನೇ.

ಈ ಹಗುರ ಅಂಶಗಳ ವಿಚಾರವನ್ನು ಸ್ವಲ್ಪ ವಿಸ್ತರಿಸಬೇಕು. ತೊಡಕಿನ ಬೇರು ಹೆಚ್ಚಾಗಿ ಇಲ್ಲಿಯೇ ಇದೆಯೆಂದು ನಮ್ಮ ಅಭಿಪ್ರಾಯ. ಅಮೆರಿಕದಲ್ಲಿ ಬೇಸಗೆಗೆ ಒಂದು ಬಗೆಯ ಪೆಟ್ರೋಲು, ಚಳಿಗಾಲಕ್ಕೆ ಇನ್ನೊಂದು. ಬೇಸಗೆಯದರ ಬಾಷ್ಪಒತ್ತಡ ಚದರ ಅಂಗುಲಕ್ಕೆ ಸುಮಾರು 9 ಪೌಂಡು; ಚಳಿಗಾಲದಲ್ಲಿ ಬ್ಯುಟೇನನ್ನು ಹೆಚ್ಚಾಗಿ ಸೇರಿಸಿ 15 ಪೌಂಡಿನವರೆಗೂ ಏರಿಸುತ್ತಾರೆ. ಜುಲೈ ತಿಂಗಳಲ್ಲಿ ಕೊಂಡು, ಡಬ್ಬದಲ್ಲಿಟ್ಟು, ಜನವರಿಯಲ್ಲಿ ಸರೋವರಕ್ಕೆ ಒಯ್ದ ಪೆಟ್ರೋಲು ಎರಡು ವಿಧದಲ್ಲಿ ದೋಷಯುಕ್ತ: ಮೊದಲಿಗೇ ಅದರಲ್ಲಿ ಬ್ಯುಟೇನು ಕಡಿಮೆ, ಇದ್ದಷ್ಟೂ ಆರು ತಿಂಗಳಲ್ಲಿ ಮುಚ್ಚಳದ ಸಂದಿನಿಂದ ಹಾರಿಹೋಗಿರುತ್ತದೆ. ನೋಡಲು, ಮೂಸಲು ಅದು ಪೆಟ್ರೋಲೇ. ಬೆಚ್ಚಗಿನ ಕೊಟ್ಟಿಗೆಯಲ್ಲಿ ಯಂತ್ರ ಅದರಿಂದಲೇ ಹೊರಡುತ್ತದೆ ಕೂಡ. ಶೂನ್ಯದ ಕೆಳಗೆ 25 ಡಿಗ್ರಿಯಲ್ಲಿ ಮಾತ್ರ ಮೂವತ್ತು ಸಲ ಹಗ್ಗ ಎಳೆದರೂ ಕೆಮ್ಮುವುದಿಲ್ಲ. ಬಳಸುವವನು ಕಾರ್ಬ್ಯುರೇಟರನ್ನು ಬಿಚ್ಚುವ ಮೊದಲು ಹಳೆಯದನ್ನು ಚೆಲ್ಲಿ, ಆ ವಾರ ಕೊಂಡ ಪೆಟ್ರೋಲನ್ನು ತುಂಬಿ ನೋಡುವುದು ಮೇಲು. ಎಣ್ಣೆಯನ್ನು ಬೆಚ್ಚಗಿನ ಸ್ಥಳದಲ್ಲಿಯೇ ಬೆರೆಸಿ ಚೆನ್ನಾಗಿ ಕುಲುಕಬೇಕು. ಚಳಿಯಲ್ಲಿ ಗಟ್ಟಿಯಾದ ಎಣ್ಣೆ ತಳ ಸೇರುತ್ತದೆ.

ಎಥನಾಲಿನ ಪ್ರಶ್ನೆಯೂ ಇದಕ್ಕೆ ಸೇರಿದುದು. ಮಿನ್ನೆಸೋಟದಲ್ಲಿ 1997ರಿಂದ ಪೆಟ್ರೋಲಿಗೆ ವರ್ಷವಿಡೀ ಎಥನಾಲು ಬೆರೆಸುವುದು ಕಡ್ಡಾಯ. ಸಣ್ಣ ಯಂತ್ರಗಳಿಗೆಂದು ಎಥನಾಲಿಲ್ಲದ ಪೆಟ್ರೋಲನ್ನು ಮಾರಲು ವಿನಾಯಿತಿ ಇದೆ. ಶೇಕಡ 10 ಎಥನಾಲಿರುವ ಪೆಟ್ರೋಲು ಸಾಧಾರಣ ಉಷ್ಣಾಂಶದಲ್ಲಿ ಶೇಕಡ ಅರ್ಧದಷ್ಟು ನೀರನ್ನು ಕರಗಿಸಿಟ್ಟುಕೊಳ್ಳಬಲ್ಲುದು. ತಣ್ಣಗಾದಂತೆ ಆ ಶಕ್ತಿ ಕುಗ್ಗಿ, ನೀರೂ ಎಥನಾಲೂ ಒಟ್ಟಾಗಿ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಯಂತ್ರ ಪೆಟ್ರೋಲನ್ನು ಹೀರುವ ನಳಿಗೆ ಇರುವುದೂ ತಳದಲ್ಲಿಯೇ. ನಮ್ಮ ದೇಶದಲ್ಲಿ ಎಥನಾಲಿನ ಪ್ರಮಾಣ ಶೇಕಡ 20ಕ್ಕೆ ಏರಿರುವುದರಿಂದ, ಮಳೆಗಾಲವೆಲ್ಲ ಮೂಲೆಯಲ್ಲಿದ್ದ ತೋಟದ ಯಂತ್ರಕ್ಕೂ ಈ ಮಾತು ಅನ್ವಯಿಸುತ್ತದೆ.

ಪೆಟ್ರೋಲು ಸರಿಯಿದ್ದರೂ ಶೀತ ಬೇರೆ ಎರಡು ಕಡೆ ಕೈಯಿಡುತ್ತದೆ. ಒಂದು, ಸಂಪೀಡನ. ಸಂಪೀಡನದ ಪ್ರಮಾಣ 7, ಘಾತಾಂಕ 1.3 ಎಂದು ಹಿಡಿದರೆ, 27 ಡಿಗ್ರಿಯ ಗಾಳಿ ಒತ್ತಡದಿಂದ ಸುಮಾರು 265 ಡಿಗ್ರಿಗೆ ಏರುತ್ತದೆ. ಶೂನ್ಯದ ಕೆಳಗೆ 20 ಡಿಗ್ರಿಯ ಗಾಳಿ 180ರ ಆಸುಪಾಸಿಗೆ ನಿಲ್ಲುತ್ತದೆ. ವಿದ್ಯಾರ್ಥಿಗಳು ಇದನ್ನು ತಾವೇ ಲೆಕ್ಕ ಹಾಕಬಹುದು. ನಿಜವಾದ ಯಂತ್ರದಲ್ಲಿ ತಣ್ಣನೆಯ ಗೋಡೆಗಳು ಇನ್ನಷ್ಟು ಶಾಖವನ್ನು ಹೀರುತ್ತವೆ. ಎರಡು, ಕಿಡಿ. ಅಯಸ್ಕಾಂತ ತಿರುಗುವ ವೇಗದ ಮೇಲೆ ಕಿಡಿಯ ಬಲ ನಿಂತಿದೆ. ಎಣ್ಣೆ ಗಟ್ಟಿಯಾಗಿ, ದಪ್ಪ ಕೈಚೀಲ ತೊಟ್ಟ ಕೈ ಹಗ್ಗವನ್ನು ನಿಧಾನವಾಗಿ ಎಳೆದರೆ ಕಿಡಿಯೂ ದುರ್ಬಲ. ಆದುದರಿಂದ ಕಿಡಿಯ ಗುಂಡಿಯನ್ನು ಆರಿಸಿಟ್ಟು ಮೊದಲು ನಾಲ್ಕಾರು ಸಲ ಮೆಲ್ಲನೆ ಎಳೆದು ಭಾಗಗಳನ್ನು ಸಡಿಲಿಸಿ, ಅನಂತರ ಜೋರಾಗಿ ಎಳೆಯುವ ಪದ್ಧತಿ ಯುಕ್ತವಾದುದು.

ಇಷ್ಟಾದರೂ ಯಂತ್ರ ಹೊರಡದಿದ್ದರೆ ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ನೋಡಬೇಕು. ಅದು ಒಣಗಿದೆಯೇ, ತೊಯ್ದಿದೆಯೇ ಎಂಬ ಒಂದೇ ಪ್ರಶ್ನೆ ಅರ್ಧ ನಿರ್ಣಯವನ್ನು ಕೊಡುತ್ತದೆ. ಒಣಗಿದ್ದರೆ ಪೆಟ್ರೋಲು ಸಿಲಿಂಡರಿಗೆ ತಲುಪುತ್ತಿಲ್ಲ. ಟಾಂಕಿಯ ಮುಚ್ಚಳದಲ್ಲಿ ಗಾಳಿಗಾಗಿ ಬಿಟ್ಟ ಸಣ್ಣ ರಂಧ್ರ ಮಂಜಿನಿಂದ ಮುಚ್ಚಿರಬಹುದು. ಮುಚ್ಚಳವನ್ನು ಅರ್ಧ ಸುತ್ತು ಸಡಿಲಿಸಿದಾಗ ಯಂತ್ರ ಹೊರಟರೆ ಕಾರಣ ಸಿಕ್ಕಂತೆಯೇ. ಎಥನಾಲಿಲ್ಲದ ಪೆಟ್ರೋಲಿನಲ್ಲಿ ಸೇರಿದ ನೀರು ಶೋಧಕದಲ್ಲಿ ಹೆಪ್ಪುಗಟ್ಟಿರಬಹುದು. ರಬ್ಬರು ನಳಿಗೆ ಬಿರಿದಿರಬಹುದು. ಇವೆಲ್ಲ ಸರಿಯಿದ್ದರೆ ಕಾರ್ಬ್ಯುರೇಟರಿನ ಪೊರೆಯನ್ನು ಶಂಕಿಸಬೇಕು. ಯಂತ್ರದ ಒಳಗಿನ ಒತ್ತಡದ ಏರಿಳಿತದಿಂದ ಮಿಡಿದು ಪೆಟ್ರೋಲನ್ನು ಸೆಳೆಯುವ ತೆಳುವಾದ ಪೊರೆ ಅದು. ವಯಸ್ಸಾದಂತೆ ಗಡುಸಾಗುತ್ತದೆ, ಚಳಿಯಲ್ಲಿ ಇನ್ನೂ ಬಿರುಸಾಗಿ ಮಿಡಿತ ನಿಲ್ಲಿಸುತ್ತದೆ. ಬೇಸಗೆಯಲ್ಲಿ ಇದರ ಸುಳಿವೇ ಸಿಗುವುದಿಲ್ಲವಾದುದರಿಂದ ಅಂಗಡಿಯ ಕುಶಲಕರ್ಮಿಗಳೂ ಇದನ್ನು ಗುರುತಿಸದೆ ಹೋಗುವುದುಂಟು. ಪೊರೆಯನ್ನು ಬದಲಿಸುವುದು ಅಲ್ಪ ವೆಚ್ಚದ ಕೆಲಸ.

ಪ್ಲಗ್ಗು ತೊಯ್ದಿದ್ದರೆ ಪೆಟ್ರೋಲು ಮಿತಿಮೀರಿದೆ, ಇಲ್ಲವೆ ಕಿಡಿಯೇ ಇಲ್ಲ. ಮೊದಲನೆಯದು ಹೆಚ್ಚು ಸಾಮಾನ್ಯ. ಚೋಕು ಮುಚ್ಚಿ ಎಳೆಯುತ್ತಿರುವಾಗ ಯಂತ್ರ ಒಮ್ಮೆ ಕೆಮ್ಮುತ್ತದೆ. ಅದೇ ಚೋಕನ್ನು ಅರ್ಧಕ್ಕೆ ತೆರೆಯಬೇಕೆಂಬ ಸೂಚನೆ. ಚಳಿಗಾಳಿಯಲ್ಲಿ ಕಿವಿ ಮುಚ್ಚಿಕೊಂಡವನಿಗೆ ಅದು ಕೇಳಿಸದೆ, ಅವನು ಎಳೆಯುತ್ತಲೇ ಹೋಗುತ್ತಾನೆ. ಆಗ ಪ್ಲಗ್ಗನ್ನು ತೆಗೆದು ಒರೆಸಿ, ಅಂಗಿಯ ಒಳಜೇಬಿನಲ್ಲಿಟ್ಟು ಬೆಚ್ಚಗಾಗಿಸಿ, ಕಿಡಿಯನ್ನು ಆರಿಸಿ, ಚೋಕನ್ನು ಪೂರ್ತಿ ತೆರೆದು ಹಲವು ಸಲ ಎಳೆದರೆ ಒಳಗಿನ ಹೆಚ್ಚುವರಿ ಪೆಟ್ರೋಲು ಹೊರಬೀಳುತ್ತದೆ. ಪ್ಲಗ್ಗಿನ ತುದಿಗಳ ಅಂತರ 0.6ರಿಂದ 0.75 ಮಿಲಿಮೀಟರು ಇರುವುದು ವಾಡಿಕೆ. ಯಂತ್ರದೊಡನೆ ಬಂದ ಪುಸ್ತಕವೇ ಪ್ರಮಾಣ. ಒಂದು ಹೊಸ ಪ್ಲಗ್ಗನ್ನು ಜೇಬಿನಲ್ಲಿಟ್ಟುಕೊಂಡೇ ಹೊರಡುವವನು ಜಾಣ.

ಬೆಚ್ಚಗಿನ ಮನೆಯಿಂದ ಚಳಿಗೆ, ಚಳಿಯಿಂದ ಮನೆಗೆ ಯಂತ್ರವನ್ನು ಪದೇ ಪದೇ ಸಾಗಿಸುವುದು ಒಳ್ಳೆಯದಲ್ಲ. ತಣ್ಣನೆಯ ಲೋಹದ ಮೇಲೆ ಮನೆಯ ತೇವ ಹನಿಗಟ್ಟಿ, ಮರುದಿನ ಕಾರ್ಬ್ಯುರೇಟರಿನ ಕವಾಟದಲ್ಲಿ ಹಿಮವಾಗಿ ಕೂರುತ್ತದೆ.

ಅವಸರಕ್ಕೆ ಈಥರನ್ನು ಸಿಂಪಡಿಸುವವರಿದ್ದಾರೆ. ದ್ವಿಘಾತ ಯಂತ್ರದಲ್ಲಿ ಎಣ್ಣೆ ಪೆಟ್ರೋಲಿನೊಡನೆಯೇ ಬರುವುದರಿಂದ, ಬರೀ ಈಥರಿನಿಂದ ಓಡಿದಷ್ಟು ಹೊತ್ತು ಪಿಸ್ಟನ್ನು ಎಣ್ಣೆಯಿಲ್ಲದೆ ಉಜ್ಜುತ್ತದೆ. ನಾವು ಇದನ್ನು ಒಪ್ಪುವುದಿಲ್ಲ. ಇದಕ್ಕಿಂತ ಭಯಂಕರವಾದುದು, ಚಳಿ ತಾಳಲಾರದೆ ಯಂತ್ರವನ್ನು ಮೀನು ಹಿಡಿಯುವ ಮುಚ್ಚಿದ ಗುಡಾರದೊಳಗೆ ಒಯ್ದು ಹೊರಡಿಸುವುದು. ಚೋಕು ಮುಚ್ಚಿದ ಯಂತ್ರದ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಹೇರಳ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮನುಷ್ಯನಿಗೆ ತಿಳಿಯುವ ಮೊದಲೇ ಪ್ರಜ್ಞೆ ತಪ್ಪಿಸುತ್ತದೆ. ಯಂತ್ರವನ್ನು ಎಷ್ಟೇ ಚಳಿಯಿದ್ದರೂ ಬಯಲಿನಲ್ಲಿಯೇ ಹೊರಡಿಸಬೇಕು.

ಪ್ರೊಪೇನು ಉರಿಸುವ ಬೈರಿಗೆಗಳೂ ಬಂದಿವೆ. ಪ್ರೊಪೇನು ಶೂನ್ಯದ ಕೆಳಗೆ 42 ಡಿಗ್ರಿಯಲ್ಲಿಯೇ ಕುದಿಯುವುದರಿಂದ ಅದಕ್ಕೆ ಆವಿಯಾಗುವ ತೊಂದರೆ ಕಡಿಮೆ, ಹಳಸುವ ಭಯವಂತೂ ಇಲ್ಲ. ಇತ್ತೀಚಿನ ವರ್ಷಗಳಲ್ಲಿ ಲಿಥಿಯಂ ಬ್ಯಾಟರಿಯ ಬೈರಿಗೆಗಳು ಪೆಟ್ರೋಲಿನವುಗಳ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿವೆ. ಚಳಿಯಲ್ಲಿ ಅವುಗಳ ಶಕ್ತಿಯೂ ಕುಗ್ಗುತ್ತದೆಯಾದ ಕಾರಣ, ಬಳಸುವವರು ಬ್ಯಾಟರಿಯನ್ನು ರಂಧ್ರ ಕೊರೆಯುವ ತನಕ ಕೋಟಿನೊಳಗೆ ಬೆಚ್ಚಗಿಟ್ಟುಕೊಂಡಿರುತ್ತಾರೆ.