ಅರ್ಧ ಬಾಡಿಗೆಯ ಕಾರ್ಡು

ಅಂಗವಿಕಲರಿಗೆ ಪ್ರಯಾಣದ ರಿಯಾಯಿತಿ ಎಂದೊಡನೆ ನಮಗೆ ನೆನಪಾಗುವುದು ಬಸ್ ಪಾಸು ಮತ್ತು ರೈಲಿನ ಕನ್ಸೆಷನ್. ಹೇಗಾದರೂ ನಿಲ್ದಾಣ ಮುಟ್ಟಿ, ಮೆಟ್ಟಿಲು ಹತ್ತಿ ಒಳಗೆ ಕುಳಿತವರಿಗೆ ಈ ರಿಯಾಯಿತಿ ದಕ್ಕುತ್ತದೆ. ಮನೆಯ ಬಾಗಿಲಿನಿಂದ ನಿಲ್ದಾಣದವರೆಗಿನ ಅರ್ಧ ಮೈಲಿಯನ್ನೇ ದಾಟಲಾಗದವರಿಗೆ ಕೈಯಲ್ಲಿ ಪಾಸಿದ್ದರೂ ಇಲ್ಲದಂತೆಯೇ. ಈ ಅರ್ಧ ಮೈಲಿಯ ತೊಡಕಿಗೆ ಲಂಡನ್, ಮೆಲ್ಬರ್ನ್, ಆಕ್ಲೆಂಡ್‌ನಂಥ ನಗರಗಳು ಕಂಡುಕೊಂಡ ಉತ್ತರ ಬೇರೆ ಬಗೆಯದು. ಅಲ್ಲಿ ಟ್ಯಾಕ್ಸಿ ಬಾಡಿಗೆಯ ಒಂದು ಪಾಲನ್ನು ಸರ್ಕಾರವೇ ಭರಿಸುತ್ತದೆ. ಅರ್ಹರಿಗೆ ಒಂದು ಪ್ಲಾಸ್ಟಿಕ್ ಕಾರ್ಡು ಕೊಡಲಾಗುತ್ತದೆ. ಪ್ರಯಾಣ ಮುಗಿದಾಗ ಚಾಲಕ ಅದನ್ನು ಯಂತ್ರದಲ್ಲಿ ಉಜ್ಜಿದರೆ ಬಾಡಿಗೆ ಎರಡು ಪಾಲಾಗುತ್ತದೆ. ಪ್ರಯಾಣಿಕ ತನ್ನ ಪಾಲು ಕೊಟ್ಟು ಇಳಿಯುತ್ತಾನೆ. ಉಳಿದದ್ದು ಸರ್ಕಾರದ ಲೆಕ್ಕಕ್ಕೆ ಹೋಗುತ್ತದೆ.

1981ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಅಂಗವಿಕಲರ ವರ್ಷವೆಂದು ಘೋಷಿಸಿತ್ತು. ಇಂಥ ವರ್ಷಾಚರಣೆಗಳು ಅಂಚೆಚೀಟಿ ಮತ್ತು ಭಾಷಣಗಳಲ್ಲಿ ಮುಗಿದುಹೋಗುವುದೇ ಹೆಚ್ಚು. ಟ್ಯಾಕ್ಸಿಯ ಮಟ್ಟಿಗೆ ಹಾಗಾಗಲಿಲ್ಲ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾ ರಾಜ್ಯಗಳು, ನ್ಯೂಜಿಲೆಂಡ್, ಗ್ರೇಟರ್ ಲಂಡನ್ ಕೌನ್ಸಿಲ್ ಇವೆಲ್ಲ ತಮ್ಮ ತಮ್ಮ ಯೋಜನೆಗಳನ್ನು ಆರಂಭಿಸಿದ್ದು ಅದರ ಆಸುಪಾಸಿನ ಕೆಲವೇ ವರ್ಷಗಳಲ್ಲಿ. ವಿಕ್ಟೋರಿಯಾದ ‘ಮಲ್ಟಿ ಪರ್ಪಸ್ ಟ್ಯಾಕ್ಸಿ ಪ್ರೋಗ್ರಾಂ’ ಹುಟ್ಟಿದ್ದು 1983ರಲ್ಲಿ. ಲಂಡನ್ನಿನದು ‘ಟ್ಯಾಕ್ಸಿಕಾರ್ಡ್’. ಅದನ್ನು ಆರಂಭಿಸಿದ ಕೌನ್ಸಿಲನ್ನೇ ಥ್ಯಾಚರ್ ಸರ್ಕಾರ 1986ರಲ್ಲಿ ರದ್ದುಮಾಡಿತು. ತಾಯಿ ಹೋದರೂ ಮಗು ಉಳಿಯಿತು. ನಗರದ ಬರೋ ಕೌನ್ಸಿಲುಗಳು ಸೇರಿ ಅದನ್ನು ನಡೆಸಿಕೊಂಡು ಬಂದವು.

ಟ್ಯಾಕ್ಸಿಯನ್ನೇ ಏಕೆ ಆರಿಸಿಕೊಂಡರು ಎಂಬುದು ಸಹಜವಾದ ಪ್ರಶ್ನೆ. ಕರುಣೆಗಿಂತ ಲೆಕ್ಕಾಚಾರ ಇದರಲ್ಲಿ ಹೆಚ್ಚು ಕೆಲಸ ಮಾಡಿತು ಎನ್ನಬೇಕು. ಅಂದಿನ ಬಸ್ಸುಗಳಿಗೆ ಎತ್ತರದ ಮೆಟ್ಟಿಲುಗಳಿದ್ದವು. ಲಂಡನ್ನಿನ ಸುರಂಗ ರೈಲು 1863ರಷ್ಟು ಹಳೆಯದು. ಗಾಲಿಕುರ್ಚಿಯವರು ಪ್ಲಾಟ್‌ಫಾರಂ ತಲುಪಬೇಕೆಂಬ ಯೋಚನೆ ಅದನ್ನು ತೋಡಿದವರಿಗೆ ಇರಲಿಲ್ಲ. ಪ್ರತಿ ನಿಲ್ದಾಣಕ್ಕೂ ಲಿಫ್ಟ್ ಕೂಡಿಸುವುದೆಂದರೆ ದಶಕಗಳ ಕೆಲಸ, ಅಪಾರ ಖರ್ಚು. ಟ್ಯಾಕ್ಸಿಗಳಾದರೋ ಆಗಲೇ ಬೀದಿಯಲ್ಲಿದ್ದವು, ಮನೆ ಬಾಗಿಲಿಗೂ ಬರುತ್ತಿದ್ದವು. ಬಾಡಿಗೆಯೊಂದೇ ಅಡ್ಡಿ. ಅದರಲ್ಲಿ ಒಂದು ಪಾಲು ಕೊಟ್ಟುಬಿಟ್ಟರೆ ಬಸ್ಸು, ರೈಲು ಸುಧಾರಿಸುವ ತನಕ ಕಾಲ ತಳ್ಳಬಹುದು ಎಂಬ ಎಣಿಕೆ ಅದು.

ಮೊದಲ ಘಟ್ಟದಲ್ಲಿ ಈ ಯೋಜನೆಗಳು ಹೆಚ್ಚಾಗಿ ಕಾಗದದ ಚೀಟಿಗಳ ಮೇಲೆ ನಡೆದವು. ಫಲಾನುಭವಿಗೆ ಒಂದು ಚೀಟಿ ಪುಸ್ತಕ. ಎಲ್ಲಿಂದ ಎಲ್ಲಿಗೆ, ಬಾಡಿಗೆ ಎಷ್ಟು ಎಂಬುದನ್ನೆಲ್ಲ ಚಾಲಕ ಚೀಟಿಯಲ್ಲಿ ತುಂಬಬೇಕು. ಪ್ರಯಾಣಿಕ ಸಹಿ ಹಾಕಬೇಕು. ಚೀಟಿಗಳ ಕಟ್ಟು ಕಚೇರಿಗೆ ಹೋಗಿ, ಗುಮಾಸ್ತರು ಒಂದೊಂದನ್ನೂ ನೋಡಿ, ಆಮೇಲೆ ಹಣ ಮಂಜೂರು. ಇದರ ದುರ್ಬಲ ಕೊಂಡಿ ಎಲ್ಲಿತ್ತೆಂದು ಹೇಳಬೇಕಾಗಿಲ್ಲ. ಚೀಟಿಯನ್ನು ತುಂಬುವವನೂ ಹಣ ಪಡೆಯುವವನೂ ಒಬ್ಬನೇ. ಕಣ್ಣು ಕಾಣದವರು ಚಾಲಕ ಬರೆದ ಮೊತ್ತವನ್ನು ನಂಬಿ ಸಹಿ ಹಾಕಬೇಕು. ಕೈ ಸ್ವಾಧೀನವಿಲ್ಲದವರು ಆ ಸಹಿಗೂ ಇನ್ನೊಬ್ಬರನ್ನು ಬೇಡಬೇಕು. ಹತ್ತು ಡಾಲರ್ ಇಪ್ಪತ್ತಾಗಬಹುದು, ನಡೆಯದ ಪ್ರಯಾಣವೂ ಲೆಕ್ಕಕ್ಕೆ ಬರಬಹುದು. ಮೀಟರಿನ ಜಗಳ ನಮ್ಮ ಆಟೋ ಪ್ರಯಾಣಿಕರಿಗೆ ಹೊಸದಲ್ಲ. ಇಲ್ಲಿ ಮಾತ್ರ ಮೋಸದ ಹೊರೆ ಪ್ರಯಾಣಿಕನ ಜೇಬಿಗಿಂತ ಸರ್ಕಾರದ ಬೊಕ್ಕಸಕ್ಕೆ ಹೆಚ್ಚು ತಗಲುತ್ತಿತ್ತು. ಹೀಗಿದ್ದೂ ಕಾಗದ ಬೇಗ ಹೋಗಲಿಲ್ಲ. ಸಿಡ್ನಿ ನಗರವಿರುವ ನ್ಯೂ ಸೌತ್ ವೇಲ್ಸ್‌ನಲ್ಲಿ 2020ರ ದಶಕದವರೆಗೂ ಚೀಟಿ ಪುಸ್ತಕಗಳು ಚಲಾವಣೆಯಲ್ಲಿದ್ದವು.

ವಿದ್ಯುನ್ಮಾನ ಕಾರ್ಡು ಮಾಡಿದ ಮುಖ್ಯ ಕೆಲಸವೆಂದರೆ ಬರೆಯುವ ಅಧಿಕಾರವನ್ನು ಚಾಲಕನ ಕೈಯಿಂದ ಯಂತ್ರಕ್ಕೆ ಕೊಟ್ಟದ್ದು. ದಿನ, ಹೊತ್ತು, ವಾಹನದ ಸಂಖ್ಯೆ, ಬಾಡಿಗೆಯ ಮೊತ್ತ ಎಲ್ಲವೂ ತಾನಾಗಿ ದಾಖಲಾಗುತ್ತವೆ. ಚಾಲಕನಿಗೂ ಲಾಭವೇ, ಹಣಕ್ಕಾಗಿ ತಿಂಗಳುಗಟ್ಟಲೆ ಕಾಯಬೇಕಿಲ್ಲ. ಹಾಗೆಂದು ವಂಚನೆ ನಿಂತೇಹೋಯಿತೆಂದಲ್ಲ. ಬೇರೆಯವರ ಕಾರ್ಡನ್ನು ಉಜ್ಜಿ ಸುಳ್ಳು ಪ್ರಯಾಣ ತೋರಿಸಿದ ಚಾಲಕರು ಮೆಲ್ಬರ್ನ್‌ನಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದುಂಟು. ಆದರೆ ಕಳ್ಳನ ಹೆಜ್ಜೆ ಈಗ ಗಣಕದಲ್ಲಿ ಉಳಿಯುತ್ತದೆ. ಒಂದೇ ಕಾರ್ಡು ಒಂದೇ ಹೊತ್ತಿನಲ್ಲಿ ಎರಡು ಟ್ಯಾಕ್ಸಿಗಳಲ್ಲಿ ಕಾಣಿಸಿಕೊಂಡರೆ ಯಾರಿಗಾದರೂ ಅನುಮಾನ ಬಂದೀತು.

ಕಳ್ಳನ ಹೆಜ್ಜೆಯ ಜೊತೆಗೆ ಸಭ್ಯನ ಹೆಜ್ಜೆಯೂ ಅಲ್ಲೇ ಉಳಿಯುತ್ತದೆ ಎಂಬುದು ಇದರ ಇನ್ನೊಂದು ಮುಖ. ಕೈಕಾಲು ಗಟ್ಟಿಯಿರುವವನು ಸಂಜೆ ಎಲ್ಲಿಗೆ ಹೋಗಿಬಂದ, ಎಷ್ಟು ಸಲ ಹೋದ ಎಂದು ಯಾರೂ ಬರೆದಿಡುವುದಿಲ್ಲ. ಕಾರ್ಡಿನವನ ಆಸ್ಪತ್ರೆ, ಚರ್ಚು, ಗೆಳೆಯನ ಮನೆ ಎಲ್ಲಕ್ಕೂ ಲೆಕ್ಕ ಉಂಟು. ಎಣಿಸಲು ಸುಲಭವಾದದ್ದಕ್ಕೆ ಮಿತಿ ಹಾಕುವುದೂ ಸುಲಭ. ವಿಕ್ಟೋರಿಯಾದಲ್ಲಿ ಬಾಡಿಗೆಯ ಅರ್ಧ ಭಾಗ, ಅದೂ ಒಂದು ಪ್ರಯಾಣಕ್ಕೆ ಹೆಚ್ಚೆಂದರೆ 60 ಡಾಲರ್ ಎಂದು ನಿಗದಿಯಾಯಿತು. ಬಹುಪಾಲು ಸದಸ್ಯರಿಗೆ ವರ್ಷದ ಮಿತಿಯೂ ಬಂತು. ಅದು ಬಹುಕಾಲ 2,180 ಡಾಲರಿನಲ್ಲಿ ನಿಂತಿತ್ತು. ಗಾಲಿಕುರ್ಚಿ ಬಳಸುವವರಿಗೆ ಈ ವಾರ್ಷಿಕ ಮಿತಿಯಿಂದ ವಿನಾಯಿತಿ ಇತ್ತು. ಲಂಡನ್ನಿನ ಬರೋಗಳು ಹಣಕ್ಕೆ ಬದಲು ಪ್ರಯಾಣಗಳನ್ನೇ ಎಣಿಸಿದವು. ಹಲವು ಬರೋಗಳು ಕೊಟ್ಟದ್ದು ವರ್ಷಕ್ಕೆ 104 ಪ್ರಯಾಣ. ಕೇಳಲು ದೊಡ್ಡ ಸಂಖ್ಯೆ. ಹೋಗುವುದೊಂದು, ಬರುವುದೊಂದು ಎಂದು ಹಿಡಿದರೆ ವಾರಕ್ಕೆ ಒಂದೇ ಸಲ ಮನೆಯಿಂದ ಹೊರಬೀಳುವಷ್ಟು. ದೂರದ ಪ್ರಯಾಣಕ್ಕೆ ಒಂದೇ ಸವಾರಿಯಲ್ಲಿ ಕಾರ್ಡನ್ನು ಎರಡು ಸಲ ಉಜ್ಜಿ ಎರಡು ಪಾಲು ಸಹಾಯಧನ ಪಡೆಯುವ ರೂಢಿಯೊಂದಿತ್ತು. ಹಣದ ಬಿಗಿ ಬಂದಾಗ ಎಷ್ಟೋ ಬರೋಗಳು ಮೊದಲು ಕೈಹಾಕಿದ್ದು ಅದಕ್ಕೇ.

ಕಾರ್ಡು ಬಾಡಿಗೆಯನ್ನು ಇಳಿಸಬಲ್ಲದು, ಟ್ಯಾಕ್ಸಿಯನ್ನು ಕರೆತರಲಾರದು. ಗಾಲಿಕುರ್ಚಿಯಲ್ಲಿ ಕುಳಿತೇ ಏರಬೇಕಾದವರಿಗೆ ಇಳಿಜಾರು ಹಲಗೆ ಅಥವಾ ಎತ್ತುಯಂತ್ರವಿರುವ ವಾಹನವೇ ಬೇಕು. ಈ ವಿಷಯದಲ್ಲಿ ಲಂಡನ್ ಮುಂದಿದೆ. 2000ನೇ ಇಸವಿಯ ಜನವರಿ 1ರಿಂದ ಅಲ್ಲಿನ ಪ್ರತಿಯೊಂದು ಕಪ್ಪು ಟ್ಯಾಕ್ಸಿಯೂ ಗಾಲಿಕುರ್ಚಿಯನ್ನು ಒಳಗೆ ಸೇರಿಸಿಕೊಳ್ಳುವಂತಿರಬೇಕು ಎಂಬ ನಿಯಮ ಜಾರಿಗೆ ಬಂತು. ಬೇರೆಡೆ ಅಂಥ ವಾಹನಗಳು ಕಡಿಮೆ, ಕಾಯುವುದು ಹೆಚ್ಚು. ಚಾಲಕನ ಕಡೆಯಿಂದ ನೋಡಿದರೆ ಕಾರಣ ತಿಳಿಯುತ್ತದೆ. ಕುರ್ಚಿಯನ್ನು ಏರಿಸಿ, ಪಟ್ಟಿಗಳಿಂದ ಬಿಗಿದು, ಇಳಿಸುವಾಗ ಮತ್ತೆ ಬಿಚ್ಚಲು ಹತ್ತಾರು ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತಿನಲ್ಲಿ ಇನ್ನೊಂದು ಸವಾರಿ ಮುಗಿಸಬಹುದು. ಆ ನಷ್ಟವನ್ನು ತುಂಬಿಕೊಳ್ಳಲು ಕುರ್ಚಿ ಏರಿಸುವ ಮೊದಲೇ ಮೀಟರ್ ಹಾಕುವವರು ಇದ್ದರು. ಅಂದರೆ ಮೆಟ್ಟಿಲಿಲ್ಲದ ವಾಹನ ಬೇಕಾದ ತಪ್ಪಿಗೆ ಹೆಚ್ಚಿನ ಬಾಡಿಗೆ. ವಿಕ್ಟೋರಿಯಾ ಮತ್ತು ನ್ಯೂಜಿಲೆಂಡ್ ಇದಕ್ಕೆ ಕಂಡುಕೊಂಡ ದಾರಿ ಜಾಣತನದ್ದು. ಗಾಲಿಕುರ್ಚಿಯ ಪ್ರತಿ ಸವಾರಿಗೆ ಚಾಲಕನ ಕಡೆಯವರಿಗೆ ಪ್ರತ್ಯೇಕ ಮೊತ್ತವನ್ನು ಯೋಜನೆಯಿಂದಲೇ ಕೊಡುವ ಏರ್ಪಾಡು ಅದು. ಬ್ರಿಟನ್ ಕಾನೂನಿನ ದಾರಿ ಹಿಡಿಯಿತು. 2010ರ ಸಮಾನತಾ ಕಾಯ್ದೆಯಲ್ಲಿ, ಗಾಲಿಕುರ್ಚಿ ಹಿಡಿಸುವ ನಿಗದಿತ ಟ್ಯಾಕ್ಸಿಗಳ ಚಾಲಕರು ಅದಕ್ಕಾಗಿ ಹೆಚ್ಚು ಹಣ ಕೇಳಕೂಡದು ಎಂಬ ವಿಧಿ ಇದೆ. ಬರೆದು ಏಳು ವರ್ಷವಾದ ಮೇಲೆ, 2017ರ ಏಪ್ರಿಲ್‌ನಲ್ಲಿ ಅದು ಜಾರಿಗೆ ಬಂತು. ಈ ಏಳು ವರ್ಷದ ವಿಳಂಬಕ್ಕೆ ಒಪ್ಪುವಂಥ ಕಾರಣ ಕಾಣುವುದಿಲ್ಲ.

ಟ್ಯಾಕ್ಸಿಯ ರಿಯಾಯಿತಿಯಿಂದ ಎಲ್ಲ ಅಂಗವಿಕಲರೂ ತೃಪ್ತರಾಗಿ ಕುಳಿತರೆಂದೂ ಅಲ್ಲ. 1990ರ ದಶಕದಲ್ಲಿ ಲಂಡನ್ನಿನ ಬೀದಿಗಳಲ್ಲಿ ಬಸ್ಸುಗಳಿಗೆ ತಮ್ಮನ್ನು ಕೈಕೋಳದಿಂದ ಬಂಧಿಸಿಕೊಂಡು ಸಂಚಾರ ತಡೆದ ಹೋರಾಟಗಾರರ ಕೇಳಿಕೆ ಅಗ್ಗದ ಟ್ಯಾಕ್ಸಿಯಾಗಿರಲಿಲ್ಲ. ಎಲ್ಲರೂ ಹತ್ತುವ ಬಸ್ಸನ್ನೇ ತಾವೂ ಹತ್ತಬೇಕೆಂಬುದು ಅವರ ಪಟ್ಟು. ಅದಕ್ಕೆ ಫಲವೂ ಸಿಕ್ಕಿತು. 2005ರ ಡಿಸೆಂಬರ್‌ನಲ್ಲಿ ಹಳೆಯ ರೂಟ್‌ಮಾಸ್ಟರ್ ಬಸ್ಸುಗಳನ್ನು ದೈನಂದಿನ ಸಂಚಾರದಿಂದ ಹಿಂತೆಗೆದ ಮೇಲೆ, ನೆನಪಿಗೆಂದು ಉಳಿಸಿದ ಕೆಲವನ್ನು ಬಿಟ್ಟು, ನಗರದ ಬಸ್ಸುಗಳೆಲ್ಲ ತಗ್ಗು ನೆಲದವಾದವು. ಸುರಂಗ ರೈಲು ಇನ್ನೂ ಹಿಂದೆಯೇ ಉಳಿದಿದೆ. ಅದರ 272 ನಿಲ್ದಾಣಗಳಲ್ಲಿ ಮೆಟ್ಟಿಲು ತುಳಿಯದೆ ರೈಲಿನವರೆಗೆ ಹೋಗಬಹುದಾದವು ಮೂರರಲ್ಲೊಂದು ಭಾಗದ ಆಸುಪಾಸು ಮಾತ್ರ. ತಾತ್ಕಾಲಿಕವೆಂದು ಬಂದ ಟ್ಯಾಕ್ಸಿಕಾರ್ಡ್ ನಾಲ್ಕು ದಶಕ ಕಳೆದರೂ ಉಳಿದಿರುವುದಕ್ಕೆ ಇದೂ ಒಂದು ಕಾರಣ. ಇನ್ನೊಂದು, ತಗ್ಗು ನೆಲದ ಬಸ್ಸು ಕೂಡ ಮನೆ ಬಾಗಿಲಿಗೆ ಬರುವುದಿಲ್ಲ.

ಸದ್ಯ ಈ ಚರ್ಚೆ ಬಿಸಿಯಾಗಿರುವುದು ನ್ಯೂಜಿಲೆಂಡಿನಲ್ಲಿ. ಅಲ್ಲಿನ ‘ಟೋಟಲ್ ಮೊಬಿಲಿಟಿ’ ಯೋಜನೆ ಬಹುಕಾಲ ಅರ್ಧ ಬಾಡಿಗೆಯನ್ನು ಭರಿಸುತ್ತಿತ್ತು. ಪ್ರಾದೇಶಿಕ ಮಂಡಳಿಗಳು ಒಂದೊಂದಾಗಿ ಚೀಟಿ ಬಿಟ್ಟು ಕಾರ್ಡಿಗೆ ಬಂದವು. 2022ರಲ್ಲಿ ಸರ್ಕಾರದ ಪಾಲು ಶೇ 75ಕ್ಕೆ ಏರಿತು. ಬಾಡಿಗೆ ಇಳಿದೊಡನೆ ಜನ ಹೆಚ್ಚು ಓಡಾಡಿದರು, ಖರ್ಚೂ ಅದರ ಬೆನ್ನಿಗೇ ಏರಿತು. ಯೋಜನೆ ಗೆದ್ದಿತೆಂದು ಒಂದು ಪಕ್ಷ ಇದನ್ನು ಓದಿದರೆ, ಕೈಮೀರಿತೆಂದು ಖಜಾನೆ ಓದಿತು. 2025ರ ಕೊನೆಯಲ್ಲಿ ಸರ್ಕಾರ ತನ್ನ ಪಾಲನ್ನು 2026ರ ಜುಲೈನಿಂದ ಶೇ 65ಕ್ಕೆ ಇಳಿಸುವ ತೀರ್ಮಾನ ಪ್ರಕಟಿಸಿತು. ಇದಕ್ಕಾಗಿ ಹೊಸ ಕಾರ್ಡು ಹಂಚಬೇಕಾಗಿಲ್ಲ. ಗಣಕದಲ್ಲಿ ಒಂದು ಅಂಕಿ ತಿದ್ದಿದರೆ ಸಾಕು. 40 ಡಾಲರಿನ ಸವಾರಿಗೆ 10 ಡಾಲರ್ ಕೊಡುತ್ತಿದ್ದವರು ಈ ಲೆಕ್ಕದಲ್ಲಿ 14 ಡಾಲರ್ ಕೊಡಬೇಕು. ಅಷ್ಟು ದೂರದ ಆಸ್ಪತ್ರೆಗೆ ಡಯಾಲಿಸಿಸ್‌ಗೆಂದು ವಾರಕ್ಕೆ ಮೂರು ಸಲ ಹೋಗಿಬರುವವರಿಗೆ ಅದು ಆರು ಸವಾರಿ. ವಾರಕ್ಕೆ 24 ಡಾಲರ್ ಹೆಚ್ಚು.