ಟೈಲ್ಸ್‌ಗಿಂತ ಮೊದಲು ನೀರಿನ ಲೆಕ್ಕ

ಗುಬ್ಬಿ, ಕುಣಿಗಲ್ ಕಡೆಯಿಂದ ತುಮಕೂರಿನ ಟೈಲ್ಸ್ ಅಂಗಡಿಗೆ ಬರುವವರು ಸಾಮಾನ್ಯವಾಗಿ ನೆಲದ ಅಳತೆ ಮಾತ್ರ ತಂದಿರುತ್ತಾರೆ. ಐದು–ಎಂಟರ ಬಚ್ಚಲು, 40 ಚದರಡಿ, ಎಷ್ಟಾದೀತು? ಗೋಡೆಯ ಲೆಕ್ಕ ಕೇಳಿದಾಗ ಎದೆ ಧಸಕ್ಕೆನ್ನುತ್ತದೆ. ಸುತ್ತಳತೆ 26 ಅಡಿ, ಎತ್ತರ ಏಳಡಿ. ಬಾಗಿಲು ಕಳೆದು 165 ಚದರಡಿ. ನೆಲವೂ ಸೇರಿ, ಕತ್ತರಿಸಿ ಒಡೆಯುವುದಕ್ಕೆ ಶೇ 10 ಇಟ್ಟರೆ 225. ಚದರಡಿಗೆ 20 ರೂಪಾಯಿ ದುಬಾರಿ ಡಿಸೈನ್ ಆರಿಸಿದರೆ ಹೆಚ್ಚುವರಿ 4,500 ರೂಪಾಯಿ.

ಇದು ಕಣ್ಣಿಗೆ ಕಾಣುವ ಖರ್ಚು. ನನ್ನ ಕೇಳಿದರೆ ಈ ಸೀಮೆಯಲ್ಲಿ ಲೆಕ್ಕ ನೀರಿನಿಂದ ಶುರುವಾಗಬೇಕು. ಗೊರೂರಿನಿಂದ ಹೊರಟ ಹೇಮಾವತಿ ಬುಗುಡನಹಳ್ಳಿ ಕೆರೆ ತುಂಬಿಸಿ ತುಮಕೂರಿನ ನಲ್ಲಿಗೆ ಬರುತ್ತದೆ. ನಲ್ಲಿ ಬಾರದ ದಿನ ಬೋರ್‌ವೆಲ್ಲೇ ಗತಿ. ಬೋರಿನ ಗಡಸು ನೀರು ಕಪ್ಪು ಬಣ್ಣದ ಫ್ಯಾನ್ಸಿ ನಲ್ಲಿಯ ಮೇಲೆ ಬಿಳಿ ಕಲೆ ಕೂರಿಸುತ್ತದೆ, ಶವರಿನ ತೂತು ಮುಚ್ಚುತ್ತದೆ, ಗೀಸರಿನ ಕಾಯಿಲ್‌ಗೆ ಸುಣ್ಣ ಕಟ್ಟುತ್ತದೆ. ಗೋಡೆಯೊಳಗೆ ಹೂತ ಡೈವರ್ಟರ್ ಕೆಟ್ಟರಂತೂ ಹೊಸ ಟೈಲ್ಸನ್ನೇ ಒಡೆಯಬೇಕು. ಇಂಥ ಫ್ಯಾನ್ಸಿ ಸಾಮಾನು ಬಿಟ್ಟು ಉಳಿಸುವ ದುಡ್ಡನ್ನು ಹಳೇ ಜಿಐ ಪೈಪ್ ಕಿತ್ತು ಸಿಪಿವಿಸಿ ಹಾಕಿಸಲು, ವಾಟರ್‌ಪ್ರೂಫಿಂಗ್‌ಗೆ ಎತ್ತಿಡಿ. ಟೈಲ್ಸ್ ಕೂರಿಸುವ ಮುಂಚೆ ಜಾಲರಿ ಮುಚ್ಚಿ ಒಂದು ದಿನ ನೀರು ನಿಲ್ಲಿಸಿ ನೋಡಿ. ಮೇಸ್ತ್ರಿ ಗೊಣಗಿದರೆ ಗೊಣಗಲಿ.

2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಬಚ್ಚಲಿಗೆ ಹಿಡಿಯುವುದು ಕೆಲವೇ ಮೂಟೆ. ಆ ಉಳಿತಾಯ ನಂಬಿ ದುಬಾರಿ ಕಮೋಡ್ ಆರಿಸುವಂತಿಲ್ಲ.

ಮರೆತೇಹೋಗುವ ಬಾಬ್ತು ಬೆಂಕಿಯದು. ಗುಬ್ಬಿಯ ತೋಟದ ಮನೆಯಲ್ಲಿ ಹಂಡೆ ಕಾಯುವುದು ಗರಿ, ಮಟ್ಟೆಯಲ್ಲಿ. ಅದಕ್ಕೆ ಯಾರೂ ಬಿಲ್ ಕಳಿಸುವುದಿಲ್ಲ. ಒಲೆ ಕಿತ್ತು ಎರಡು ಕಿಲೋವಾಟಿನ ಗೀಸರ್ ಹಾಕಿ ದಿನಕ್ಕೊಂದು ಗಂಟೆ ಉರಿಸಿದರೆ ತಿಂಗಳಿಗೆ 60 ಯೂನಿಟ್. ಗೃಹಜ್ಯೋತಿಯಲ್ಲಿ ಉಚಿತವಾಗುವುದು ಹಿಂದಿನ ಸರಾಸರಿ ಬಳಕೆಯ ಮೇಲೆ ಚೂರು ಸೇರಿಸಿದಷ್ಟು ಮಾತ್ರ. ಮಿಕ್ಕಿದ್ದಕ್ಕೆ ದುಡ್ಡು ಕಟ್ಟಬೇಕು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್. ಸೋಲಾರ್‌ಗೆ ಶುರುವಿನಲ್ಲೇ ಹೆಚ್ಚು ಸುರಿಯಬೇಕು, ಮೋಡದ ದಿನ ಅದೂ ಕೈಕೊಡುತ್ತದೆ.

ನೀರು ತುಂಬುವ ಹಬ್ಬಕ್ಕೆ ಹಂಡೆ ಬೇಕೇ ಬೇಕು ಎನ್ನುವ ಹಿರಿಯರು ಪ್ರತಿ ಮನೆಯಲ್ಲೂ ಇರುತ್ತಾರೆ. ಹಿತ್ತಲಲ್ಲಿ ಒಂದು ಒಲೆ, ಮೇಲೊಂದು ಶೀಟು, ಒಂದು ನಲ್ಲಿ: ಇದನ್ನೂ ಮೊದಲ ಎಸ್ಟಿಮೇಟಿನಲ್ಲೇ ಬರೆಸಿ. ಬಚ್ಚಲು ಮುಗಿದ ಮೇಲೆ ಕೇಳಿದರೆ ಮೇಸ್ತ್ರಿ ಅದಕ್ಕೆ ಬೇರೆ ಕೂಲಿ ಹಾಕುತ್ತಾನೆ.