ಮನೆಯಲ್ಲೇ ಬಟ್ಟೆ ಸಬಕಾರ: ಅಳತೆ ತಪ್ಪದಿರಲಿ

ಕಳೆದ ಮಳೆಗಾಲದಲ್ಲಿ ಕುಟುಂಬಗಳ ಭೇಟಿಗೆಂದು ನವಲಗುಂದ ಕಡೆಯ ಹಳ್ಳಿಯೊಂದಕ್ಕೆ ನಾವು ಹೋಗಿದ್ದೆವು. ಒಂದು ಮನೆಯ ತಾಯಿ ತಾವೇ ತಯಾರಿಸಿದ ಬಟ್ಟೆ ಸಬಕಾರದ ತುಂಡುಗಳನ್ನು ತಟ್ಟೆಯಲ್ಲಿಟ್ಟು ಸಂತೋಷದಿಂದ ತೋರಿಸಿದರು. ಎರೆಮಣ್ಣಿನ ಊರಿನಲ್ಲಿ ಶಾಲೆಗೆ ಹೋಗುವ ಮೂವರು ಮಕ್ಕಳ ಸಮವಸ್ತ್ರ ಒಗೆಯುವ ಕಷ್ಟವೇನು, ಅದಕ್ಕೆ ತಗಲುವ ಖರ್ಚೇನು ಎಂಬುದನ್ನು ಬಲ್ಲ ಯಾರೂ ಆ ಪ್ರಯತ್ನವನ್ನು ಮೆಚ್ಚದಿರಲಾರರು. ನಮ್ಮ ಬಾಯಿಂದ ಪ್ರಶಂಸೆಯ ಮಾತು ಹೊರಡುವಷ್ಟರಲ್ಲಿ ಕಿಟಕಿಯಲ್ಲಿದ್ದ ತಂಪು ಪಾನೀಯದ ಬಾಟಲಿಯೊಂದರ ಮೇಲೆ ಕಣ್ಣು ಬಿದ್ದಿತು. ಅದರ ತುಂಬ ನೀರಿನಂತೆಯೇ ತಿಳಿಯಾದ ದ್ರವವಿತ್ತು. "ಅದು ಉಳಿದ ಕಾಸ್ಟಿಕ್ ನೀರ್ರಿ ಫಾದರ್, ಮುಂದಿನ ಸಲಕ್ಕ ಅಂತ ಇಟ್ಟೇನ್ರಿ" ಎಂದರು ಆ ತಾಯಿ. ಕಿಟಕಿಯ ಕೆಳಗೆ ಮೂರು ವರ್ಷದ ಮಗುವೊಂದು ಆಡುತ್ತಿತ್ತು.

ಆ ಬಾಟಲಿಯನ್ನು ಕೂಡಲೇ ಅಲ್ಲಿಂದ ತೆಗೆಸಿದೆವು. ಆದರೆ ಅದು ನಮ್ಮ ಮನಸ್ಸಿನಿಂದ ಇನ್ನೂ ಸರಿದಿಲ್ಲ. ಮೊಬೈಲಿನಲ್ಲಿ ನೋಡಿ ಮನೆಯಲ್ಲೇ ಸಬಕಾರ ಮಾಡುವ ಕುಟುಂಬಗಳು ನಮ್ಮ ಗ್ರಾಮಗಳಲ್ಲಿ ಹೆಚ್ಚುತ್ತಿರುವುದರಿಂದ ಈ ವಾರ ಇದೇ ವಿಷಯವನ್ನು ಎತ್ತಿಕೊಂಡಿದ್ದೇವೆ. ಮಾಡಬೇಡಿರೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಮಾಡುವವರು ತಿಳಿದು ಮಾಡಲಿ ಎಂಬುದೇ ನಮ್ಮ ಆಶಯ.

ನಮ್ಮ ಹಿರಿಯರು ಅಂಗಡಿಯ ಸಬಕಾರವನ್ನು ಕಾಣುವುದಕ್ಕೆ ಮೊದಲೇ ಬಟ್ಟೆಯನ್ನು ಬೆಳ್ಳಗಾಗಿಸಬಲ್ಲವರಾಗಿದ್ದರು. ಮಡಿವಾಳರು ಸವಳು ಮಣ್ಣಿನ ನೀರಿನಲ್ಲಿ ಬಟ್ಟೆ ನೆನೆಸಿ, ಹಬೆಯಲ್ಲಿ ಬೇಯಿಸಿ, ಹಳ್ಳದ ಕಲ್ಲಿಗೆ ಒಗೆಯುತ್ತಿದ್ದರು. ಮನೆಗಳಲ್ಲಿ ಒಲೆಯ ಬೂದಿ ಇದೇ ಕೆಲಸಕ್ಕೆ ಬರುತ್ತಿತ್ತು. ರೇಷ್ಮೆಯ ಸೆರಗಿನ ಇಳಕಲ್ ಸೀರೆಗೆ ಮಾತ್ರ ಸವಳಾಗಲಿ ಬೂದಿಯಾಗಲಿ ತಾಗದಂತೆ ಅಂಟವಾಳಕಾಯಿಯ ನೊರೆಯನ್ನು ಬಳಸುತ್ತಿದ್ದರು. ಕ್ಷಾರವು ಹತ್ತಿಗೆ ಒಗ್ಗುತ್ತದೆ, ರೇಷ್ಮೆ ಮತ್ತು ಉಣ್ಣೆಯನ್ನು ಕೆಡಿಸುತ್ತದೆ ಎಂಬ ತಿಳಿವಳಿಕೆ ಪುಸ್ತಕದ ನೆರವಿಲ್ಲದೆಯೇ ಅವರಲ್ಲಿತ್ತು. ಪವಿತ್ರ ಗ್ರಂಥದ ಓದುಗರಿಗೂ ಈ ವಸ್ತುಗಳು ಅಪರಿಚಿತವಲ್ಲ. ಪ್ರವಾದಿ ಯೆರೆಮೀಯನ ಎರಡನೆಯ ಅಧ್ಯಾಯದಲ್ಲಿ ತೊಳೆಯುವ ಕ್ಷಾರದ ಉಲ್ಲೇಖವಿದೆ. ಮಲಾಕಿಯನ ಮೂರನೆಯ ಅಧ್ಯಾಯದಲ್ಲಿ ಅಗಸನ ಸಬಕಾರವೇ ಶುದ್ಧೀಕರಣದ ಉಪಮೆಯಾಗಿದೆ.

ಇಂದಿನ ಸಬಕಾರದ ಕಥೆ ಈಚಿನದು. ಉಪ್ಪಿನಿಂದ ಸೋಡಾ ತಯಾರಿಸುವ ವಿಧಾನಕ್ಕೆ ಫ್ರಾನ್ಸಿನ ಲೆಬ್ಲಾಂಕ್ 1791ರಲ್ಲಿ ಹಕ್ಕುಪತ್ರ ಪಡೆದನು. ಎಣ್ಣೆ ಮತ್ತು ಕ್ಷಾರ ಕೂಡಿದಾಗ ನಡೆಯುವುದೇನು ಎಂಬುದನ್ನು ಅದೇ ದೇಶದ ಶೆವ್ರೋಲ್ 1823ರ ತನ್ನ ಗ್ರಂಥದಲ್ಲಿ ವಿವರಿಸಿದನು. 1888ರಲ್ಲಿ ಇಂಗ್ಲೆಂಡಿನ ಸನ್‌ಲೈಟ್ ಸಬಕಾರದ ಪೆಟ್ಟಿಗೆಗಳು ಕಲ್ಕತ್ತೆಯ ಬಂದರಿನಲ್ಲಿ ಇಳಿದವು. ನಮ್ಮ ನಾಡಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1916ರಲ್ಲಿ, ಬೆಂಗಳೂರಿನ ಸರ್ಕಾರಿ ಸಾಬೂನು ಕಾರ್ಖಾನೆ ಹುಟ್ಟಿತು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ಹೊಂಗೆ, ಬೇವು, ಹಿಪ್ಪೆಯಂತಹ ತಿನ್ನಲಾಗದ ಎಣ್ಣೆಗಳಿಂದ ಸಬಕಾರ ತಯಾರಿಸುವುದನ್ನು ಗ್ರಾಮೋದ್ಯೋಗಗಳಲ್ಲಿ ಒಂದೆಂದು ಎಣಿಸಿ ಪ್ರೋತ್ಸಾಹಿಸಿತು. ರಾಷ್ಟ್ರಧ್ವಜ ತಯಾರಿಸುವ ಹುಬ್ಬಳ್ಳಿಯ ಬೆಂಗೇರಿಯ ಖಾದಿ ಸಂಘವನ್ನು ಬಲ್ಲ ನಮಗೆ ಗ್ರಾಮೋದ್ಯೋಗವೆಂಬುದು ಹೊಸ ಮಾತಲ್ಲ.

ಸೆಮಿನರಿಯಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದಾಗ ಅರಿಸ್ಟಾಟಲನ ಒಂದು ವಿಚಾರ ನಮಗೆ ಬಹುಕಾಲ ಅರ್ಥವಾಗಿರಲಿಲ್ಲ. ಜೋಳ ಮತ್ತು ಗೋಧಿಯನ್ನು ಒಂದೇ ಚೀಲಕ್ಕೆ ಸುರಿದರೆ ಅದು ಬೆರಕೆ ಮಾತ್ರ. ಬೇಕಾದರೆ ಆರಿಸಿ ಬೇರೆ ಮಾಡಬಹುದು. ನಿಜವಾದ ಸಂಯೋಗದಲ್ಲಾದರೋ ಎರಡೂ ತಮ್ಮ ಹಿಂದಿನ ರೂಪದಲ್ಲಿ ಉಳಿಯದೆ ಮೂರನೆಯದೊಂದು ಹುಟ್ಟುತ್ತದೆ ಎಂಬುದು ಆ ವಿಚಾರದ ಸಾರ. ಅದಕ್ಕೆ ಸಬಕಾರಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಸಿಕ್ಕಿಲ್ಲ. ಎಣ್ಣೆ ಬಟ್ಟೆಗೆ ಕಲೆ ಹಚ್ಚುತ್ತದೆ, ಕಾಸ್ಟಿಕ್ ಸೋಡಾ ಕೈಯನ್ನು ಸುಡುತ್ತದೆ. ಇವೆರಡೂ ತಕ್ಕ ಅಳತೆಯಲ್ಲಿ ಕೂಡಿದರೆ ಜಿಡ್ಡೂ ಇಲ್ಲದ, ಸುಡುವ ಗುಣವೂ ಇಲ್ಲದ ಸಬಕಾರವಾಗುತ್ತದೆ. ಜೊತೆಗೆ ಗ್ಲಿಸರಿನ್ ಹುಟ್ಟಿ ಅದರಲ್ಲೇ ಉಳಿಯುತ್ತದೆ. ಅಳತೆ ತಪ್ಪಿದರೆ ಎರಡರಲ್ಲೊಂದು ಮಿಕ್ಕುತ್ತದೆ. ಮಿಕ್ಕದ್ದು ಎಣ್ಣೆಯಾದರೆ ಬಟ್ಟೆ ಜಿಡ್ಡಾದೀತು, ಕಾಸ್ಟಿಕ್ ಆದರೆ ಕೈ ಸುಟ್ಟೀತು.

ಇದನ್ನು ನಾವು ಓದಿ ಮಾತ್ರವಲ್ಲ, ಸೋತು ಕಲಿತೆವು. ಕೆಲವು ವರ್ಷಗಳ ಹಿಂದೆ ನಮ್ಮ ಧರ್ಮಕೇಂದ್ರದ ಮಹಿಳಾ ಸಂಘದವರೊಡನೆ ಸಬಕಾರ ಮಾಡಲು ಹೊರಟಾಗ ಕಾಸ್ಟಿಕ್ ಸೋಡಾವನ್ನು ತೂಗದೆ ಲೋಟದಿಂದ ಅಳೆಯುವಂತೆ ಹೇಳಿದವರು ನಾವೇ. ನೋಟಕ್ಕೆ ಚೆಲುವಾಗಿದ್ದ ಆ ಸಬಕಾರದಲ್ಲಿ ಬಲಿಪೀಠದ ವಸ್ತ್ರಗಳನ್ನು ಒಗೆದ ಇಬ್ಬರು ತಾಯಂದಿರ ಬೆರಳುಗಳು ಸಂಜೆಯ ಹೊತ್ತಿಗೆ ಕೆಂಪಾಗಿ ಸುಲಿದಿದ್ದವು. ಸಂಘದ ಹಿರಿಯ ಅಜ್ಜಿಯೊಬ್ಬರು ಸಿಟ್ಟಾಗಲಿಲ್ಲ. "ಫಾದರ್, ಅಡಗಿಗೆ ಕಣ್ಣಳತಿ ಸಾಕ್ರಿ, ಇದಕ್ಕ ತಕ್ಕಡೀನ ಬೇಕ್ರಿ" ಎಂದಷ್ಟೇ ಹೇಳಿದರು. ಅಂದಿನಿಂದ ಆ ಮಾತೇ ನಮ್ಮ ನಿಯಮ.

ಈಗ ವಿಧಾನವನ್ನು ಹೇಳುತ್ತೇವೆ. ಕ್ರಿಸ್ತಜಯಂತಿ, ಮದುವೆ, ಊರಹಬ್ಬಗಳಲ್ಲಿ ಕರಿದು ಉಳಿದ ಶೇಂಗಾ ಅಥವಾ ಸೂರ್ಯಕಾಂತಿ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ 700 ಗ್ರಾಂ ತೂಗಿಕೊಳ್ಳಿರಿ. ಸಬಕಾರ ಗಟ್ಟಿಯಾಗಿ ನೊರೆ ಬರುವಂತೆ 300 ಗ್ರಾಂ ತೆಂಗಿನೆಣ್ಣೆ ಸೇರಿಸಿರಿ. ಇದಕ್ಕೆ 140 ಗ್ರಾಂ ಕಾಸ್ಟಿಕ್ ಸೋಡಾ, 350 ಮಿಲಿ ಲೀಟರ್ ನೀರು ಬೇಕು. ಎಣ್ಣೆಯಲ್ಲಿ ಸ್ವಲ್ಪ ಭಾಗ ಹಾಗೆಯೇ ಉಳಿದು ಕೈಯನ್ನು ಕಾಯುವಂತೆ ಕಾಸ್ಟಿಕ್ಕಿನ ತೂಕವನ್ನು ತುಸು ಕಡಿಮೆಯೇ ಇಡಲಾಗಿದೆ. ಪ್ರತಿಯೊಂದು ಎಣ್ಣೆಗೂ ಬೇಕಾಗುವ ಕಾಸ್ಟಿಕ್ ಬೇರೆ ಬೇರೆ. ಒಂದು ಕಿಲೋ ತೆಂಗಿನೆಣ್ಣೆಗೆ ಸುಮಾರು 175 ಗ್ರಾಂ, ಅಷ್ಟೇ ಹೊಂಗೆ ಎಣ್ಣೆಗೆ ಸುಮಾರು 125 ಗ್ರಾಂ ಸಾಕು. ಆದುದರಿಂದ ಎಣ್ಣೆಯನ್ನು ಬದಲಿಸಿದವರು ಲೆಕ್ಕವನ್ನೂ ಬದಲಿಸಬೇಕು.

ಗಾಳಿಯಾಡುವ ಅಂಗಳದಲ್ಲಿ, ಮಕ್ಕಳು ಮನೆಯಲ್ಲಿಲ್ಲದ ಹೊತ್ತಿನಲ್ಲಿ, ರಬ್ಬರ್ ಕೈಚೀಲ ಮತ್ತು ಕಣ್ಣಿಗೆ ರಕ್ಷಣೆಯ ಕನ್ನಡಕ ಧರಿಸಿ ಕುಳಿತುಕೊಳ್ಳಿರಿ. ಸ್ಟೀಲಿನ ಪಾತ್ರೆಯಲ್ಲಿರುವ ತಣ್ಣೀರಿಗೆ ಕಾಸ್ಟಿಕ್ಕನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ಕಲಕಿರಿ. ಕಾಸ್ಟಿಕ್ಕಿನ ಮೇಲೆ ನೀರನ್ನು ಎಂದಿಗೂ ಸುರಿಯಬಾರದು. ಅದು ಕುದಿದು ಮುಖಕ್ಕೆ ಸಿಡಿಯುತ್ತದೆ. ನಮ್ಮ ಕಡೆ ಜರ್ಮನ್ ಎಂದು ಕರೆಯುವ ಅಲ್ಯೂಮಿನಿಯಂ ಪಾತ್ರೆಯನ್ನು ಮುಟ್ಟಲೇಬಾರದು. ಕಾಸ್ಟಿಕ್ ಅದನ್ನು ತಿಂದು, ಹೊತ್ತಿಕೊಳ್ಳಬಲ್ಲ ಅನಿಲವನ್ನು ಬಿಡುತ್ತದೆ. ದ್ರಾವಣ ತಾನಾಗಿಯೇ ಬಹಳ ಬಿಸಿಯಾಗುವುದರಿಂದ ಅದು ಆರುವವರೆಗೆ ಕಾಯಿರಿ. ಬಳಿಕ ಅದನ್ನು ಉಗುರುಬೆಚ್ಚಗಿನ ಎಣ್ಣೆಗೆ ನಿಧಾನವಾಗಿ ಸುರಿಯುತ್ತ, ಭಜಿ ಹಿಟ್ಟಿನ ಹದ ಬರುವವರೆಗೆ ಒಂದೇ ಸಮನೆ ತಿರುವಿರಿ. ಪ್ಲಾಸ್ಟಿಕ್ ಹಾಳೆ ಹಾಸಿದ ಕಟ್ಟಿಗೆಯ ಪೆಟ್ಟಿಗೆಗೆ ಸುರಿದು, ಒಂದೆರಡು ದಿನ ಬಿಟ್ಟು, ಕೈಚೀಲ ಧರಿಸಿಯೇ ತುಂಡು ಮಾಡಿರಿ. ನೆರಳಿನಲ್ಲಿ ನಾಲ್ಕರಿಂದ ಆರು ವಾರ ಒಣಗಿಸಿದ ಮೇಲೆಯೇ ಬಳಸಿರಿ. ನಾವು ಕಂಡಂತೆ, ಈ ಕಾಯುವಿಕೆಯಲ್ಲಿಯೇ ಬಹಳ ಜನ ಎಡವುತ್ತಾರೆ.

ಕಾಸ್ಟಿಕ್ ಮೈಗೆ ಅಥವಾ ಕಣ್ಣಿಗೆ ತಾಗಿದರೆ ಕೂಡಲೇ ಹರಿಯುವ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆಯಬೇಕು. ನಿಂಬೆರಸ, ಹುಳಿ ಮುಂತಾದವುಗಳನ್ನು ಹಚ್ಚಬಾರದು. ಕಣ್ಣಿಗೆ ತಾಗಿದ್ದರೆ ತೊಳೆದ ತರುವಾಯ ವೈದ್ಯರಲ್ಲಿಗೆ ಹೋಗಲೇಬೇಕು. ಮಗುವೇನಾದರೂ ಕುಡಿದರೆ ವಾಂತಿ ಮಾಡಿಸಬಾರದು. ಒಳಗೆ ಇಳಿಯುವಾಗ ಸುಟ್ಟದ್ದು ಹೊರಗೆ ಬರುವಾಗ ಮತ್ತೊಮ್ಮೆ ಸುಡುತ್ತದೆ. ಬಾಯಿ ತೊಳೆಸಿ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಒಂದೇ ಗುಟುಕು ಅನ್ನನಾಳವನ್ನು ಸುಟ್ಟು, ಆ ಮಗು ಜೀವಮಾನವಿಡೀ ಅನ್ನ ನುಂಗಲು ಕಷ್ಟಪಡುವಂತೆ ಮಾಡಬಲ್ಲದು.

ಇನ್ನು ಲಾಭದ ಮಾತು. ಹೊಸ ಅಡುಗೆ ಎಣ್ಣೆಯನ್ನೇ ಕೊಂಡು ಮಾಡಿದರೆ ಮನೆಯ ಸಬಕಾರ ಅಂಗಡಿಯದಕ್ಕಿಂತ ದುಬಾರಿಯಾದೀತು. ಕರಿದುಳಿದ ಎಣ್ಣೆಯನ್ನು ಬಳಸಿದಾಗ ಮಾತ್ರ ಉಳಿತಾಯವಿದೆ. ಮತ್ತೆ ಮತ್ತೆ ಕಾಸಿದ ಎಣ್ಣೆ ಹೊಟ್ಟೆಗೆ ಹೋಗುವುದೂ ತಪ್ಪುತ್ತದೆ. ನೀರಿನ ವಿಚಾರವನ್ನೂ ಮರೆಯಬಾರದು. ಕೊಳವೆಬಾವಿಯ ಗಡಸು ನೀರಿನಲ್ಲಿ ಸಬಕಾರ ನೊರೆಯಾಗದೆ, ನೀರಿನ ಸುಣ್ಣದ ಅಂಶದೊಡನೆ ಕೂಡಿ ಬಟ್ಟೆಯ ಮೇಲೆ ಬೂದುಬಣ್ಣದ ಕೆನೆಯಾಗಿ ಕೂರುತ್ತದೆ. ಡಿಟರ್ಜೆಂಟ್ ಪುಡಿಗಳಿಗೆ ಈ ದೋಷ ಅಷ್ಟಾಗಿ ಇಲ್ಲ. ಕರ್ಸನ್‌ಭಾಯಿ ಪಟೇಲರು 1969ರಲ್ಲಿ ಅಹಮದಾಬಾದಿನ ತಮ್ಮ ಮನೆಯ ಹಿತ್ತಿಲಲ್ಲಿ ತಯಾರಿಸಿ ಸೈಕಲ್ಲಿನ ಮೇಲೆ ಮಾರಿದ ನಿರ್ಮಾ ಪುಡಿ ದೇಶವನ್ನೆಲ್ಲ ವ್ಯಾಪಿಸಿದ್ದಕ್ಕೆ ಅಗ್ಗದ ಬೆಲೆಯ ಜೊತೆಗೆ ಇದೂ ಒಂದು ಕಾರಣವಿದ್ದೀತು. ಸಬಕಾರವನ್ನೇ ಬಳಸುವವರು ಮಳೆನೀರನ್ನು ಹಿಡಿದಿಟ್ಟುಕೊಳ್ಳಲಿ. ಇಲ್ಲವೇ ಬಕೀಟಿನ ನೀರಿಗೆ ಮೊದಲು ಒಂದೆರಡು ಚಮಚ ವಾಷಿಂಗ್ ಸೋಡಾ ಕದಡಿಕೊಳ್ಳಲಿ. ಒಗೆದ ನೀರು ಮನೆಯದಾಗಲಿ ಅಂಗಡಿಯದಾಗಲಿ, ಕೆರೆಗೆ ಸೇರಬಾರದು. ಮಲಪ್ರಭೆಯ ಕಾಲುವೆಯ ನೀರನ್ನು ಕೆರೆಗೆ ತುಂಬಿಸಿಕೊಂಡು ಅದನ್ನೇ ಕುಡಿಯುವ ನವಲಗುಂದ, ಅಣ್ಣಿಗೇರಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದುದರಿಂದ ಮನೆಯಲ್ಲಿ ಸಬಕಾರ ಮಾಡಬಯಸುವ ತಾಯಂದಿರಲ್ಲಿ ನಮ್ಮ ಬಿನ್ನಹವಿಷ್ಟೆ. ಗ್ರಾಮು ತೋರಿಸುವ ತಕ್ಕಡಿ ಇಲ್ಲದವರು ಕಾಸ್ಟಿಕ್ಕಿಗೆ ಕೈ ಹಾಕದಿರಲಿ. ಹತ್ತು ಮನೆಗಳ ಸಂಘ ಸೇರಿ ಒಂದು ತಕ್ಕಡಿ ಕೊಂಡರೆ ಸಾಕು. ಅಂದಿನ ಕೆಲಸಕ್ಕೆ ಬೇಕಾದಷ್ಟನ್ನೇ ಕರಗಿಸಿ, ಅಂದೇ ಮುಗಿಸಿರಿ. ಉಳಿದ ಹರಳುಗಳನ್ನು ಅಂಗಡಿಯಿಂದ ತಂದ ಡಬ್ಬಿಯಲ್ಲೇ, ಹೆಸರು ಬರೆದು, ಬೀಗದೊಳಗಿಡಿರಿ. ನವಲಗುಂದ ಕಡೆಯ ಆ ಮನೆಗೆ ಮೊನ್ನೆ ಮತ್ತೆ ಹೋಗಿದ್ದೆವು. ಕಿಟಕಿಯಲ್ಲಿ ಬಾಟಲಿ ಇರಲಿಲ್ಲ. ಸಬಕಾರದ ತುಂಡುಗಳು ಅಟ್ಟದ ಮೇಲೆ ಸಾಲಾಗಿ ಒಣಗುತ್ತಿದ್ದವು. ಮಗು ಅಂಗಳದಲ್ಲಿ ಆಡುತ್ತಿತ್ತು.